ಹಲ್ಲುನೋವೂ ದೇಶಾಟನವೂ

ದೇಶಾಟನದಿಂದ ಮನುಷ್ಯನ ಜಾಣ್ಮೆ ಬೆಳೆಯುತ್ತದೆಂದು ನಮ್ಮ ಹಿಂದಿನ ಸುಭಾಷಿತಕಾರರು ಹೇಳಿದರು. ಪಂಡಿತರ ಗೆಳೆತನ, ರಾಜಸಭೆಯ ಪ್ರವೇಶ ಮೊದಲಾದವುಗಳ ಜೊತೆಯಲ್ಲಿ ಅದನ್ನೂ ಎಣಿಸಿದರು. ಆದರೆ ಹಲ್ಲು ಕಟ್ಟಿಸಿಕೊಳ್ಳುವುದಕ್ಕಾಗಿ ಸಮುದ್ರವನ್ನು ದಾಟುವ ಕಾಲವೊಂದು ಬಂದೀತೆಂದು ಅವರು ಕನಸಿನಲ್ಲಿಯೂ ಎಣಿಸಿರಲಾರರು. ತೀರ್ಥಯಾತ್ರೆ, ವಿದ್ಯಾರ್ಜನೆ, ವ್ಯಾಪಾರ, ರಾಯಭಾರ ಎಂದು ಪ್ರಯಾಣಕ್ಕೆ ಹಿಂದೆ ಇದ್ದ ಕಾರಣಗಳ ಸಾಲಿಗೆ ಈಗ ದಂತಚಿಕಿತ್ಸೆಯೂ ಬಂದು ಸೇರಿದೆ. ನಗುವುದಕ್ಕೆ ತಕ್ಕ ವಿಷಯವಾಗಿ ಇದು ತೋರಬಹುದು. ಹಲ್ಲುನೋವು ಇಲ್ಲದವನಿಗೆ ಹಲ್ಲುನೋವು ಯಾವಾಗಲೂ ನಗೆಯ ವಿಷಯವೇ. ನೋವಿರುವವನ ಲೆಕ್ಕಾಚಾರ ಬೇರೆ. ಆ ಲೆಕ್ಕಾಚಾರವನ್ನು ಒಮ್ಮೆ ಸಮಾಧಾನದಿಂದ ಪರಾಮರ್ಶಿಸುವುದು ಒಳ್ಳೆಯದು.

ಇದು ಎಲ್ಲಿಯೋ ದೂರದ ಸುದ್ದಿಯಲ್ಲ. ಮಗನೋ ಮಗಳೋ ಹೊರದೇಶದಲ್ಲಿರುವ ಮನೆಗಳು ಶಿವಮೊಗ್ಗ ಭದ್ರಾವತಿಗಳಲ್ಲಿ ಈಗ ಅಪರೂಪವೇನೂ ಅಲ್ಲ. ಭದ್ರಾವತಿಯ ಕಥೆಯಂತೂ ಎಲ್ಲರಿಗೂ ತಿಳಿದದ್ದೇ. 1923ರಲ್ಲಿ ಕಬ್ಬಿಣವನ್ನು ಕರಗಿಸಲು ತೊಡಗಿದ ಕಾರ್ಖಾನೆ, 1930ರ ದಶಕದಲ್ಲಿ ಹುಟ್ಟಿದ ಕಾಗದದ ಕಾರ್ಖಾನೆ, ಇವೆರಡರ ನೆರಳಿನಲ್ಲಿ ಬದುಕು ಕಟ್ಟಿಕೊಂಡ ಕುಟುಂಬಗಳು ತಮ್ಮ ಮಕ್ಕಳನ್ನು ಓದಿಸಿದವು. ಕಾಗದದ ಕಾರ್ಖಾನೆ 2015ರಲ್ಲಿ ನಿಂತಿತು; ಕಬ್ಬಿಣದ ಕಾರ್ಖಾನೆ ತನ್ನ ಹಿಂದಿನ ವೈಭವವನ್ನು ಕಳೆದುಕೊಂಡಿತು; ಓದಿದ ಮಕ್ಕಳು ಬೆಂಗಳೂರಿಗೆ ಹೋದರು, ಅವರಲ್ಲಿ ಹಲವರು ಬೆಂಗಳೂರನ್ನೂ ದಾಟಿ ಕಡಲಿನಾಚೆಗೆ ಹೋದರು. ಈಗ ಅವರು ಡಿಸೆಂಬರಿನಲ್ಲಿಯೋ, ಮಕ್ಕಳ ಶಾಲೆಗೆ ರಜೆ ಬರುವ ಜೂನ್ ಜುಲೈ ತಿಂಗಳುಗಳಲ್ಲಿಯೋ ಊರಿಗೆ ಬರುತ್ತಾರೆ. 2023ರ ಫೆಬ್ರವರಿ 27ರಂದು ಸೋಗಾನೆಯ ವಿಮಾನ ನಿಲ್ದಾಣ ತೆರೆದ ಮೇಲೆ ಬರುವ ದಾರಿಯೂ ಹತ್ತಿರವಾಗಿದೆ. ಬರುವಾಗ ಅವರ ಕಿಸೆಯಲ್ಲಿ ಮಾಡಿ ಮುಗಿಸಬೇಕಾದ ಕೆಲಸಗಳ ಪಟ್ಟಿಯೊಂದು ಇರುತ್ತದೆ: ಬಂಧುಗಳ ಮನೆಯ ಮದುವೆ, ದೇವರ ಹರಕೆ, ತೋಟದ ಪಾಲಿನ ಕಾಗದಪತ್ರ, ಕೊನೆಯಲ್ಲಿ ಹಲ್ಲು. ದುರ್ಗಿಗುಡಿಯಲ್ಲಿಯೋ ನ್ಯೂಟೌನಿನಲ್ಲಿಯೋ ಇರುವ ಹಲ್ಲಿನ ವೈದ್ಯರಿಗೆ ಇಂಥ ಅತಿಥಿರೋಗಿಗಳು ಹೊಸಬರಲ್ಲ.

ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂಬುದು ನಮ್ಮ ಗಾದೆ. ಡಾಲರಿನ ನಾಡಿನಲ್ಲಿ ಇರುವವರ ಪಾಲಿಗೆ ಈ ಗಾದೆ ಅಕ್ಷರಶಃ ನಿಜವಾದುದು ವಿಚಿತ್ರವೇ ಸರಿ. ಅದಕ್ಕೆ ಕಾರಣವನ್ನು ಆ ದೇಶಗಳ ಕಾಯಿದೆಗಳಲ್ಲಿ ಹುಡುಕಬೇಕು. ಅಲ್ಲಿ ಹಲ್ಲನ್ನು ದೇಹದಿಂದ ಬೇರೆಯಾದ ವಸ್ತುವೆಂದು ಭಾವಿಸಿದಂತಿದೆ. ಅಮೆರಿಕದಲ್ಲಿ ವೃದ್ಧರಿಗಾಗಿ 1965ರಲ್ಲಿ ಬಂದ ಮೆಡಿಕೇರ್ ಯೋಜನೆ ಹೃದಯಕ್ಕೆ ಹಣ ಕೊಡುತ್ತದೆ, ಮೂತ್ರಪಿಂಡಕ್ಕೆ ಕೊಡುತ್ತದೆ. ಸಾಧಾರಣ ದಂತಚಿಕಿತ್ಸೆಯನ್ನು ಮಾತ್ರ ಮೊದಲಿನಿಂದಲೂ ಹೊರಗಿಟ್ಟಿದೆ. ದುಡಿಯುವವರು ಹಲ್ಲಿಗಾಗಿ ಬೇರೆಯೇ ಒಂದು ವಿಮೆ ಮಾಡಿಸಬೇಕು. ಆ ವಿಮೆಯೂ ವರ್ಷಕ್ಕೆ 1000ದಿಂದ 2000 ಡಾಲರು ಕೊಟ್ಟು ಕೈ ತೊಳೆದುಕೊಳ್ಳುವುದೇ ಹೆಚ್ಚು. ಬ್ರಿಟನ್ನಿನಲ್ಲಿ 1948ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ತೊಡಗಿದಾಗ ಹಲ್ಲಿನ ಸೆಟ್ಟು ಪುಕ್ಕಟೆಯಾಗಿ ದೊರೆಯುತ್ತಿತ್ತು. ಅದಕ್ಕೆ ಜನ ಮುಗಿಬಿದ್ದರು. ಮೂರೇ ವರ್ಷಗಳಲ್ಲಿ ಸರ್ಕಾರ ಹಲ್ಲಿಗೂ ಕನ್ನಡಕಕ್ಕೂ ಶುಲ್ಕ ಹಾಕಲು ಹೊರಟಿತು. ಆ ಸೇವೆಯನ್ನು ಕಟ್ಟಿದ ಮಂತ್ರಿ ಅನ್ಯೂರಿನ್ ಬೆವನ್ ಅದನ್ನು ಪ್ರತಿಭಟಿಸಿ 1951ರಲ್ಲಿ ರಾಜೀನಾಮೆ ಕೊಟ್ಟರು. ಒಂದು ಸಾಮ್ರಾಜ್ಯವನ್ನು ಆಳಿದ ದೇಶದ ಮಂತ್ರಿಮಂಡಲವನ್ನು ಹಲ್ಲು ಅಲುಗಿಸಿತೆಂದರೆ ಅದರ ಖರ್ಚು ಎಷ್ಟಿರಬೇಕೆಂಬುದನ್ನು ಊಹಿಸಬಹುದು.

ಆದುದರಿಂದ ಹಲ್ಲಿಗಾಗಿ ಗಡಿ ದಾಟುವವರು ನಮ್ಮವರು ಮಾತ್ರವೇ ಅಲ್ಲ. ಆಸ್ಟ್ರಿಯದವರು ತಮ್ಮ ಗಡಿಗೆ ಹತ್ತಿರವಿರುವ ಹಂಗೆರಿಯ ಮೊಶೊನ್‌ಮಾಗ್ಯಾರೋವಾರ್ ಎಂಬ ಪಟ್ಟಣಕ್ಕೆ ಹೋಗುತ್ತಾರೆ. ಅಮೆರಿಕದ ವೃದ್ಧರು ಮೆಕ್ಸಿಕೋ ಗಡಿಯಾಚೆಯ ಲೋಸ್ ಆಲ್ಗೊದೋನೆಸ್ ಎಂಬ ಸಣ್ಣ ಊರಿಗೆ ಸಾಲುಗಟ್ಟಿ ಹೋಗುತ್ತಾರೆ. ಹಲ್ಲಿನ ವೈದ್ಯರೇ ತುಂಬಿರುವ ಆ ಊರಿಗೆ ದವಡೆಹಲ್ಲಿನ ಪಟ್ಟಣವೆಂಬ ಅಡ್ಡಹೆಸರೇ ಬಿದ್ದಿದೆ. ಬ್ರಿಟನ್ನಿನ ತರುಣರು ತುರ್ಕಿಗೆ ಹಾರುತ್ತಾರೆ. ಇವರ ನಡುವೆ ನಮ್ಮವರ ಸ್ಥಿತಿ ಒಂದು ವಿಧದಲ್ಲಿ ಬೇರೆ. ಅವರಿಗೆ ಅದು ಪರದೇಶ. ನಮ್ಮವರಿಗೆ ಅದು ತವರು. ಈ ವ್ಯತ್ಯಾಸ ಬಹಳ ದೊಡ್ಡದು. ಆದರೆ ನಮ್ಮವರು ತಿಳಿದುಕೊಂಡಿರುವಷ್ಟು ದೊಡ್ಡದಲ್ಲ. ಅದು ಎಷ್ಟೆಂಬುದನ್ನು ಗೊತ್ತುಮಾಡಿಕೊಳ್ಳುವುದೇ ಈ ಲೇಖನದ ಉದ್ದೇಶ.

ಮೊದಲು ಲಾಭದ ಪಕ್ಷವನ್ನು ನ್ಯಾಯವಾಗಿ ನೋಡೋಣ. ಹಣದ ಮಾತು ಸ್ಪಷ್ಟವಾಗಿಯೇ ಇದೆ. ದವಡೆಯ ಮೂಳೆಯಲ್ಲಿ ಲೋಹದ ತಿರುಪನ್ನು ಕೂರಿಸಿ ಅದರ ಮೇಲೆ ಹಲ್ಲು ನಿಲ್ಲಿಸುವ ಇಂಪ್ಲಾಂಟ್ ಚಿಕಿತ್ಸೆಗೆ ಅಮೆರಿಕದಲ್ಲಿ ಒಂದು ಹಲ್ಲಿಗೆ 3000ದಿಂದ 5000 ಡಾಲರು ತೆರುವುದು ಸಾಮಾನ್ಯ. ಅಂದರೆ ಎರಡೂವರೆ ಲಕ್ಷ ರೂಪಾಯಿಗೂ ಮೀರಿದ ಮೊತ್ತ. ನಮ್ಮ ಊರುಗಳಲ್ಲಿ ಅದರ ಒಂದು ಸಣ್ಣ ಪಾಲಿನಲ್ಲಿ ಆ ಕೆಲಸ ಮುಗಿಯುತ್ತದೆ. ಕಡಮೆ ಬೆಲೆಯೆಂದರೆ ಕಡಮೆ ವಿದ್ಯೆಯೆಂದು ತಿಳಿಯಬೇಕಾಗಿಲ್ಲ. ಒಂದು ಶತಮಾನದ ಹಿಂದೆ ಹಲ್ಲಿನ ವೈದ್ಯವನ್ನು ಕಲಿಯಬೇಕಾದರೆ ನಮ್ಮವರೇ ಹಡಗು ಹತ್ತಬೇಕಾಗಿತ್ತು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಕಲಿತು ಬಂದ ಡಾಕ್ಟರ್ ರಫಿಯುದ್ದೀನ್ ಅಹಮದ್ ಅವರು 1920ರಲ್ಲಿ ಕಲ್ಕತ್ತೆಯಲ್ಲಿ ಭಾರತದ ಮೊದಲ ದಂತವೈದ್ಯ ಕಾಲೇಜನ್ನು ತೆರೆದರು. ಬೆಂಗಳೂರಿನ ಸರ್ಕಾರಿ ದಂತವೈದ್ಯ ಕಾಲೇಜು 1958ರಲ್ಲಿಯೂ ಮಣಿಪಾಲದ್ದು 1965ರಲ್ಲಿಯೂ ದಾವಣಗೆರೆಯ ಬಾಪೂಜಿ ಕಾಲೇಜು 1979ರಲ್ಲಿಯೂ ಬಂದುವು. ಶಿವಮೊಗ್ಗದಲ್ಲಿಯೇ ಶರಾವತಿ ದಂತವೈದ್ಯ ಕಾಲೇಜು ಇದೆ. ಇಂದು ದೇಶದಲ್ಲಿ ಇಂಥ ಕಾಲೇಜುಗಳು 300ಕ್ಕೂ ಹೆಚ್ಚು. ಕರ್ನಾಟಕವೊಂದರಲ್ಲಿಯೇ 40ಕ್ಕೂ ಹೆಚ್ಚು. ಕಲಿಯುವುದಕ್ಕೆ ಅಯೋವಾಕ್ಕೆ ಹೋಗಬೇಕಾಗಿದ್ದ ಕಾಲ ಕಳೆದು, ಅಯೋವಾದಲ್ಲಿರುವ ಕನ್ನಡಿಗ ಚಿಕಿತ್ಸೆಗೆ ಊರಿಗೆ ಬರುವ ಕಾಲ ಬಂದಿದೆ. ಇದರಲ್ಲಿ ಹೆಮ್ಮೆಪಡುವುದಕ್ಕೆ ಕಾರಣವುಂಟು.

ಎರಡನೆಯ ಲಾಭ ಭಾಷೆಯದು. ಇದನ್ನು ಯಾರೂ ರೂಪಾಯಿಯಲ್ಲಿ ಎಣಿಸುವುದಿಲ್ಲ, ಆದರೆ ಎಣಿಸಬೇಕಾದದ್ದು. ನೋವನ್ನು ಹೇಳಿಕೊಳ್ಳುವುದಕ್ಕೆ ತಾಯಿನುಡಿಗೆ ಸಮನಾದ ನುಡಿಯಿಲ್ಲ. ತಣ್ಣೀರು ತಾಕಿದಾಗ ಹಲ್ಲು ಒಮ್ಮೆ ಜುಮ್ಮೆಂದು ಸುಮ್ಮನಾಗುವುದು ಬೇರೆ. ಬಿಸಿ ಕಾಫಿ ಕುಡಿದ ಮೇಲೆ ಬಹಳ ಹೊತ್ತು ಸೆಳೆಯುತ್ತಲೇ ಇರುವುದು ಬೇರೆ. ರಾತ್ರಿ ಮಲಗಿದ ಕೂಡಲೆ ನಾಡಿಯಂತೆ ಮಿಡಿಯುವುದು ಬೇರೆ. ಕಚ್ಚಿದಾಗ ಮಾತ್ರ ಸಿಡಿಯುವುದು ಮತ್ತೂ ಬೇರೆ. ಮೊದಲನೆಯದು ಹಲ್ಲಿನ ಹೊರಗವಚ ಸವೆದುದರ ಗುರುತಾಗಿರಬಹುದು. ಎರಡನೆಯದೂ ಮೂರನೆಯದೂ ಒಳಗಿನ ಜೀವಭಾಗಕ್ಕೆ ಉರಿಯೂತ ತಗುಲಿದುದರ ಗುರುತಾಗಿರಬಹುದು. ನಾಲ್ಕನೆಯದು ಬಿರುಕನ್ನೋ ಬೇರಿನ ತುದಿಯ ಕೀವನ್ನೋ ತೋರಿಸಬಹುದು. ಎಕ್ಸ್‌ರೇ ತೆಗೆಯುವುದಕ್ಕೆ ಮುಂಚೆಯೇ ವೈದ್ಯನಿಗೆ ಅರ್ಧ ದಾರಿ ತೋರಿಸುವುದು ಈ ಮಾತುಗಳೇ. ಇಪ್ಪತ್ತು ವರ್ಷ ಇಂಗ್ಲಿಷಿನಲ್ಲಿ ವ್ಯವಹರಿಸಿದವನೂ ಹಲ್ಲು ನೋಯುವಾಗ ಕನ್ನಡದಲ್ಲಿಯೇ ನರಳುತ್ತಾನೆ.

ಮಲೆನಾಡಿನ ಬಾಯಿಯನ್ನು ಮಲೆನಾಡಿನ ವೈದ್ಯ ಬಲ್ಲ ಎಂಬುದೂ ಸಣ್ಣ ಮಾತಲ್ಲ. ನಮ್ಮದು ಅಡಿಕೆಯ ಸೀಮೆ. ಎಲೆಯಡಿಕೆಯಿಂದ ಕೆಂಪಾದ, ಕಪ್ಪಾದ, ಮೇಲ್ಮೈ ಸವೆದು ಚಪ್ಪಟೆಯಾದ ಹಲ್ಲುಗಳನ್ನು ಇಲ್ಲಿನ ವೈದ್ಯರು ದಿನವೂ ನೋಡುತ್ತಾರೆ. ಅಡಿಕೆಯ ಅಭ್ಯಾಸದಿಂದ ಕೆನ್ನೆಯ ಒಳಚರ್ಮ ಬಿಗಿದು ಬಾಯಿ ತೆರೆಯುವುದೇ ಕಷ್ಟವಾಗುವ ರೋಗವೂ ಅವರಿಗೆ ಪರಿಚಿತವಾದದ್ದು. ತೋಟವಿರುವವರಿಗೆ ಅಪ್ರಿಯವಾದರೂ ಹೇಳಬೇಕಾದ ಮಾತು ಇದು: ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ತನ್ನ ವರದಿಯಲ್ಲಿ ಅಡಿಕೆಯನ್ನು ಮನುಷ್ಯನಿಗೆ ಕ್ಯಾನ್ಸರ್ ತರುವ ವಸ್ತುಗಳ ಸಾಲಿನಲ್ಲಿ ಇರಿಸಿದೆ. ಇಂಥ ಬಾಯಿಯನ್ನು ಕಂಡ ಕೂಡಲೆ ಹಲ್ಲನ್ನು ಬಿಟ್ಟು ಕೆನ್ನೆಯನ್ನು ಪರೀಕ್ಷಿಸಬೇಕೆಂದು ತಿಳಿದಿರುವ ವೈದ್ಯನ ಬೆಲೆ ಹೆಚ್ಚೇ.

ಇಷ್ಟೂ ನಿಜ. ಆದರೂ ಹಲ್ಲಿನ ವಿಷಯದಲ್ಲಿ ಹಣ, ಭಾಷೆ, ವಿದ್ಯೆ ಈ ಮೂರಕ್ಕಿಂತಲೂ ಮಿಗಿಲಾದ ಒಂದು ವಸ್ತುವುಂಟು. ಅದು ಕಾಲ. ರಜೆಗೆ ಬರುವವನ ಬಳಿ ಎಲ್ಲವೂ ಇರುತ್ತದೆ, ಇದೊಂದು ಮಾತ್ರ ಇರುವುದಿಲ್ಲ. ಮೂರು ವಾರದ ರಜೆಯಲ್ಲಿ ಒಂದು ವಾರ ಮದುವೆಗೆ, ಅರ್ಧ ವಾರ ನಿದ್ರೆ ಸರಿಹೋಗುವುದಕ್ಕೆ, ಉಳಿದುದರಲ್ಲಿ ನೆಂಟರಿಷ್ಟರಿಗೆ ಒಂದು ಪಾಲು. ಮಿಕ್ಕ ದಿನಗಳು ಹಲ್ಲಿನವು. ಹಲ್ಲಾದರೋ ವಿಮಾನದ ವೇಳಾಪಟ್ಟಿಯನ್ನು ಓದಿದ್ದಲ್ಲ.

ಇಂಪ್ಲಾಂಟನ್ನೇ ತೆಗೆದುಕೊಳ್ಳಿ. ಟೈಟೇನಿಯಂ ಲೋಹವೂ ಜೀವಂತ ಮೂಳೆಯೂ ಒಂದಕ್ಕೊಂದು ಬೆಸೆದುಕೊಳ್ಳುತ್ತವೆಂಬುದನ್ನು ಸ್ವೀಡನ್ ದೇಶದ ಬ್ರೊನೆಮಾರ್ಕ್ ಎಂಬ ವಿಜ್ಞಾನಿ 1952ರಲ್ಲಿ ಮೊಲಗಳ ಮೇಲೆ ಬೇರೊಂದು ಪ್ರಯೋಗ ನಡೆಸುತ್ತಿದ್ದಾಗ ಆಕಸ್ಮಿಕವಾಗಿ ಕಂಡುಕೊಂಡರು. ಮನುಷ್ಯನ ದವಡೆಯಲ್ಲಿ ಅದನ್ನು ಮೊದಲು ಪ್ರಯೋಗಿಸಿದ್ದು 1965ರಲ್ಲಿ. ಆ ಮೊದಲ ರೋಗಿ 2006ರಲ್ಲಿ ತೀರಿಕೊಳ್ಳುವವರೆಗೂ, ಅಂದರೆ ನಲವತ್ತು ವರ್ಷಕ್ಕೂ ಮಿಕ್ಕಿ, ಆ ಹಲ್ಲುಗಳಲ್ಲಿಯೇ ಉಂಡರು. ಇದು ಲೋಹದ ಮಹಿಮೆ ಮಾತ್ರವಲ್ಲ, ತಾಳ್ಮೆಯ ಮಹಿಮೆಯೂ ಹೌದು. ತಿರುಪನ್ನು ಕೂರಿಸಿದ ಮೇಲೆ ಕೆಳದವಡೆಯಲ್ಲಿ ಸುಮಾರು ಮೂರು ತಿಂಗಳು, ಮೇಲ್ದವಡೆಯಲ್ಲಿ ಆರು ತಿಂಗಳವರೆಗೆ ಮೂಳೆಗೆ ಅವಕಾಶ ಕೊಟ್ಟು, ಆಮೇಲೆ ಹಲ್ಲು ಇಡುವುದು ಹಳೆಯ, ಪರೀಕ್ಷಿತವಾದ ಕ್ರಮ. ಅದೇ ದಿನ ಹಲ್ಲು ನಿಲ್ಲಿಸುವ ಪದ್ಧತಿಯೂ ಈಗ ಉಂಟು. ಆದರೆ ಅದು ಎಲ್ಲರ ದವಡೆಗೂ ಹೊಂದತಕ್ಕದ್ದಲ್ಲ. ಹತೋಟಿಯಿಲ್ಲದ ಸಕ್ಕರೆ ಕಾಯಿಲೆಯವರಿಗೂ ಹೊಗೆಬತ್ತಿ ಸೇದುವವರಿಗೂ ಅಪಾಯ ಇನ್ನೂ ಹೆಚ್ಚು. ಭದ್ರಾವತಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಚ್ಚಿನಲ್ಲಿ ಹೊಯ್ದ ಎರಕ ತನ್ನ ಕಾಲಕ್ಕೆ ತಾನು ತಣಿಯಬೇಕು. ಅವಸರಪಟ್ಟು ಅಚ್ಚು ಒಡೆದವನಿಗೆ ದೊರೆಯುವುದು ಬಿರುಕು.

ಕಾಲದ ಅಭಾವದಿಂದ ಹುಟ್ಟುವ ಇನ್ನೊಂದು ಕೇಡು ಇದಕ್ಕಿಂತ ಸೂಕ್ಷ್ಮವಾದದ್ದು. ಹೊತ್ತಿಲ್ಲದವನಿಗೆ ನಿಧಾನವಾದ ಚಿಕಿತ್ಸೆ ರುಚಿಸುವುದಿಲ್ಲ. ಓರೆಯಾದ ಹಲ್ಲನ್ನು ತಂತಿ ಕಟ್ಟಿ ಸರಿಪಡಿಸುವುದಕ್ಕೆ ಒಂದೆರಡು ವರ್ಷ ಬೇಕು. ಅದನ್ನೇ ಅರೆದು ಸಣ್ಣದು ಮಾಡಿ ಕ್ಯಾಪ್ ತೊಡಿಸುವುದಕ್ಕೆ ಒಂದು ವಾರ ಸಾಕು. ವಸಡಿನ ರೋಗಕ್ಕೆ ಶುಚಿ ಮಾಡಿ, ಕೆಲವು ವಾರ ಕಾದು, ಮತ್ತೆ ಅಳೆದು ನೋಡಿ ಮುಂದಿನದನ್ನು ತೀರ್ಮಾನಿಸಬೇಕು; ಹಲ್ಲನ್ನೇ ಕಿತ್ತುಬಿಟ್ಟರೆ ಕಾಯುವ ಪ್ರಮೇಯವಿಲ್ಲ. ಹೀಗೆ ಉಳಿಸಿಕೊಳ್ಳಬಹುದಾಗಿದ್ದ ಹಲ್ಲು ಪಂಚಾಂಗದ ದೆಸೆಯಿಂದ ಹೋಗುತ್ತದೆ. ಚರ್ಮ ಗಾಯವಾದರೆ ಮಾಯುತ್ತದೆ, ಮೂಳೆ ಮುರಿದರೆ ಕೂಡುತ್ತದೆ. ಹಲ್ಲಿನ ಹೊರಗವಚ ಮಾತ್ರ ಒಮ್ಮೆ ಅರೆದರೆ ಮತ್ತೆ ಬೆಳೆಯದು. ತುರ್ಕಿಗೆ ಹೋಗಿ ಗಟ್ಟಿಮುಟ್ಟಾದ ಹಲ್ಲುಗಳನ್ನು ಗೂಟದಂತೆ ಅರೆಯಿಸಿಕೊಂಡು ಬೆಳ್ಳಗಿನ ಸಾಲೊಂದನ್ನು ತೊಡಿಸಿಕೊಂಡು ಬರುವ ತರುಣರ ವಿಷಯವಾಗಿ ಬ್ರಿಟನ್ನಿನ ದಂತವೈದ್ಯರ ಸಂಘ ಎಚ್ಚರಿಕೆ ಕೊಡುತ್ತಿರುವುದು ಈ ಕಾರಣಕ್ಕೇ. ಇಪ್ಪತ್ತೈದರ ವಯಸ್ಸಿನಲ್ಲಿ ತೊಡಿಸಿದ ಕ್ಯಾಪು ಜೀವಮಾನವೆಲ್ಲ ಬಾರದು; ಅದನ್ನು ಮತ್ತೆ ಮತ್ತೆ ಬದಲಾಯಿಸಬೇಕಾಗುತ್ತದೆ. ಆಗ ಅಡಿಯಲ್ಲಿರುವ ಹಲ್ಲು ಪ್ರತಿಸಲವೂ ಇನ್ನಿಷ್ಟು ಸವೆಯುತ್ತದೆ.

ಪ್ರಯಾಣದ ತೊಂದರೆಯೂ ಸೇರಿಕೊಳ್ಳುತ್ತದೆ. ವಿಮಾನ ಏರಿದಂತೆ ಗಾಳಿಯ ಒತ್ತಡ ಇಳಿಯುತ್ತದೆ. ನೆಲದ ಮೇಲೆ ಸುಮ್ಮನಿದ್ದ ಹುಳುಕು ಹಲ್ಲು ಆಕಾಶದಲ್ಲಿ ಸಿಡಿಯತೊಡಗಬಹುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಮಾನಭಟರಲ್ಲಿ ಈ ಬಾಧೆ ಹೆಚ್ಚಾಗಿ ಗಮನಕ್ಕೆ ಬಂದಿತು. ಮೇಲ್ದವಡೆಯಲ್ಲಿ ಮೂಗಿನ ಪಕ್ಕದ ಪೊಳ್ಳಿನವರೆಗೆ ಶಸ್ತ್ರಕ್ರಿಯೆ ನಡೆದಿದ್ದರೆ ಒಡನೆಯೇ ವಿಮಾನ ಹತ್ತಬಾರದು. ಹೊರಡುವ ಹಿಂದಿನ ದಿನ ದವಡೆಹಲ್ಲು ಕೀಳಿಸಿಕೊಂಡು ಸೂಟಕೇಸು ಕಟ್ಟುವವರು, ರಕ್ತ ಒಸರಿದರೆ, ಕೀವಾಗಿ ಮುಖ ಊದಿಕೊಂಡರೆ ಆಕಾಶಮಾರ್ಗದಲ್ಲಿ ತಮಗೆ ಯಾರು ದಿಕ್ಕೆಂದು ಒಮ್ಮೆ ಯೋಚಿಸಿದರೆ ಸಾಕು.

ಆದರೆ ನಿಜವಾದ ಪ್ರಶ್ನೆ ಏಳುವುದು ವಿಮಾನ ಇಳಿದ ಮೇಲೆ. ಆರು ತಿಂಗಳಿಗೋ ವರ್ಷಕ್ಕೋ ಕ್ಯಾಪು ಸಡಿಲವಾಗುತ್ತದೆ, ತಿರುಪು ಅಲುಗುತ್ತದೆ, ಬೇರಿನ ಚಿಕಿತ್ಸೆಯಾದ ಹಲ್ಲಿನ ತುದಿಯಲ್ಲಿ ಮತ್ತೆ ಕೀವು ಕಾಣಿಸುತ್ತದೆ. ಇವು ಒಳ್ಳೆಯ ವೈದ್ಯರ ಕೈಯಲ್ಲಿಯೂ ಕೆಲವೊಮ್ಮೆ ಆಗತಕ್ಕವೇ. ಊರಿನಲ್ಲಿಯೇ ಇರುವವನು ಚಪ್ಪಲಿ ಮೆಟ್ಟಿಕೊಂಡು ಅದೇ ವೈದ್ಯರ ಬಳಿಗೆ ಹೋಗುತ್ತಾನೆ. ಅವರು ತಮ್ಮ ಕೆಲಸವನ್ನು ತಾವೇ ಸರಿಪಡಿಸುತ್ತಾರೆ. ಷಿಕಾಗೊ ನಗರದಲ್ಲಿರುವವನು ಹೊಸ ವೈದ್ಯರನ್ನು ಹುಡುಕಬೇಕು. ಇನ್ನೊಬ್ಬರು ಮಾಡಿದ ಕೆಲಸಕ್ಕೆ ಕೈ ಹಚ್ಚಿ ಅದರ ಹೊಣೆಯನ್ನು ಹೊರಲು ಅವರು ಹಿಂಜರಿದರೆ ಅದನ್ನು ಅನ್ಯಾಯವೆನ್ನುವಂತಿಲ್ಲ. ಇಂಪ್ಲಾಂಟುಗಳನ್ನು ತಯಾರಿಸುವ ಕಂಪನಿಗಳು ಬಹಳ. ಒಂದರ ತಿರುಪಿಗೆ ಇನ್ನೊಂದರ ಸ್ಕ್ರೂಡ್ರೈವರು ಹೊಂದದು. ಯಾವ ಕಂಪನಿಯದು, ಯಾವ ಅಳತೆಯದು ಎಂಬ ಕಾಗದ ಕೈಯಲ್ಲಿಲ್ಲದಿದ್ದರೆ ಒಂದು ಸಣ್ಣ ದುರಸ್ತಿಗೂ ಇಡೀ ಕಟ್ಟಡವನ್ನು ಕೆಡಹಬೇಕಾಗಿ ಬರಬಹುದು. ಹೀಗಾದಾಗ ಊರಿನಲ್ಲಿ ಉಳಿಸಿದ ಹಣವೆಲ್ಲ ಅಲ್ಲಿ ಬಡ್ಡಿ ಸಮೇತ ಹೊರಟುಹೋಗುತ್ತದೆ.

ಕಾನೂನು ಇದೆಯಲ್ಲವೆ ಎಂದು ಕೇಳಬಹುದು. ಇದೆ. ವೈದ್ಯರ ಸೇವೆಯೂ ಗ್ರಾಹಕ ಸಂರಕ್ಷಣಾ ಕಾಯಿದೆಗೆ ಒಳಪಡುತ್ತದೆಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ತೀರ್ಪು ಕೊಟ್ಟಿತು. ಈಗ ನಡೆಯುತ್ತಿರುವ 2019ರ ಕಾಯಿದೆಯ ಪ್ರಕಾರ ದೂರುದಾರನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ಎರಡು ವರ್ಷದೊಳಗೆ ದೂರು ಕೊಡಬಹುದು. ಭದ್ರಾವತಿಯವನು ಬೆಂಗಳೂರಿನಲ್ಲಿ ಹಲ್ಲು ಕಟ್ಟಿಸಿಕೊಂಡಿದ್ದರೂ ಶಿವಮೊಗ್ಗದಲ್ಲಿ ನ್ಯಾಯ ಕೇಳಬಹುದೆಂಬುದು ದೊಡ್ಡ ಅನುಕೂಲ. ಆದರೆ ಕ್ಯಾಲಿಫೋರ್ನಿಯದಲ್ಲಿ ವಾಸಿಸುವವನಿಗೆ ಈ ಅನುಕೂಲದ ಅರ್ಧ ಭಾಗ ಕರಗಿಹೋಗುತ್ತದೆ. ಅವನ ಬಾಯಿ ಒಂದು ದೇಶದಲ್ಲಿ, ನ್ಯಾಯಪೀಠ ಇನ್ನೊಂದು ದೇಶದಲ್ಲಿ. ಹಲ್ಲು ಕೆಟ್ಟಿತೆಂದು ಸಾಕ್ಷಿ ಹೇಳಬೇಕಾದ ವೈದ್ಯರು ಎಲ್ಲಿಯೋ. ಬಾಗಿಲು ಮುಚ್ಚಿಲ್ಲ, ಆದರೆ ಹೊಸ್ತಿಲು ಬಹಳ ಎತ್ತರ.

ಇಲ್ಲಿಯವರೆಗೆ ಹೊರಗಿನಿಂದ ಬರುವವರ ಮಾತಾಯಿತು. ಇಲ್ಲಿಂದ ಅಲ್ಲಿಗೆ ಹೋಗುವವರೂ ಇದ್ದಾರೆ. ಮೊಮ್ಮಗುವನ್ನು ನೋಡಿಕೊಳ್ಳುವುದಕ್ಕೆಂದು ಆರು ತಿಂಗಳ ಮಟ್ಟಿಗೆ ಅಮೆರಿಕಕ್ಕೆ ಹೊರಡುವ ತಂದೆತಾಯಿಗಳು ನಮ್ಮ ಎರಡೂ ಊರುಗಳಲ್ಲಿ ಅನೇಕರು. ಉಪ್ಪಿನಕಾಯಿ, ಚಟ್ನಿಪುಡಿ, ರಕ್ತದೊತ್ತಡದ ಮಾತ್ರೆ ಎಲ್ಲವನ್ನೂ ಅವರು ತಿಂಗಳ ಮೊದಲೇ ಕಟ್ಟಿಡುತ್ತಾರೆ. ಅಲುಗುವ ಹಲ್ಲನ್ನು ಮಾತ್ರ ಹಾಗೆಯೇ ಬಾಯಲ್ಲಿಟ್ಟುಕೊಂಡು ಹೊರಡುತ್ತಾರೆ. ಪ್ರವಾಸಿಗಳಿಗೆಂದು ಮಾರುವ ವಿಮೆಯಲ್ಲಿ ಹಲ್ಲಿಗೆ ದೊರೆಯುವುದು ಅಪಘಾತವಾದಾಗ ಅಥವಾ ನೋವು ಹಠಾತ್ತಾಗಿ ಬಂದಾಗ ಒಂದಿಷ್ಟು ಉಪಶಮನ, ಅಷ್ಟೆ. ಅದಕ್ಕೆ ಮೇಲಣದು ಮಗನ ಸಂಬಳದಿಂದ ಹೋಗಬೇಕು. ಮಗನಿಗೆ ಹೊರೆಯಾಗಬಾರದೆಂದು ತಾಯಿ ಲವಂಗ ಕಚ್ಚಿಕೊಂಡು ಐದು ತಿಂಗಳು ನೋವು ನುಂಗುವುದು ಹೊಸ ಸಂಗತಿಯಲ್ಲ. ಬೇರಿನ ತುದಿಯ ಕೀವು ಹೀಗೆ ನುಂಗಿದರೆ ಹೋಗುವಂಥದಲ್ಲ. ಅದು ಹರಡಿದರೆ ಪ್ರಾಣಕ್ಕೇ ಸಂಚಕಾರ. ಟಿಕೆಟ್ಟು ಕೊಂಡ ದಿನವೇ ಹಲ್ಲನ್ನೂ ತೋರಿಸಿಕೊಳ್ಳಬೇಕು. ಹೊರಡುವುದಕ್ಕೆ ಮೂರು ತಿಂಗಳು ಮುಂಚೆ ತೋರಿಸಿದರೆ ಮಾಡಬೇಕಾದುದನ್ನೆಲ್ಲ ನಿಧಾನವಾಗಿ ಮಾಡಿ ಮುಗಿಸಬಹುದು. ದಂತಚಿಕಿತ್ಸೆ ಮತ್ತು ವಿದೇಶಯಾತ್ರೆ ಇವೆರಡರ ಸಂಬಂಧದಲ್ಲಿ ಅತ್ಯಂತ ಅಗ್ಗವಾದ, ಅತ್ಯಂತ ಫಲಕಾರಿಯಾದ ಉಪಾಯ ಇದೇ. ಇದನ್ನು ಯಾವ ಜಾಹೀರಾತೂ ಹೇಳುವುದಿಲ್ಲ.

ಇನ್ನು ಎಲ್ಲಿಗೂ ಹೋಗದವರ, ಎಲ್ಲಿಂದಲೂ ಬಾರದವರ ಮಾತೊಂದು ಉಳಿದಿದೆ. ಹೊಸನಗರದ ಆಚೆಯ ಹಳ್ಳಿಯ ಕೂಲಿಯ ಹೆಣ್ಣುಮಗಳಿಗೆ ಶಿವಮೊಗ್ಗವೇ ಪರದೇಶ. ಒಂದು ಹಲ್ಲು ಕೀಳಿಸಬೇಕಾದರೆ ಅವಳಿಗೆ ಬಸ್ಸಿನ ಚಾರ್ಜು ಬೇಕು, ಒಂದು ದಿನದ ಕೂಲಿ ಬಿಡಬೇಕು, ಜೊತೆಗೆ ಬರುವವರ ಕೂಲಿಯೂ ಹೋಗುತ್ತದೆ. ಬೇರಿನ ಚಿಕಿತ್ಸೆಗೆ ಮೂರು ಸಲ ಬನ್ನಿ ಎಂದರೆ ಅವಳು ಬಾರಳು, ಕಿತ್ತೇಬಿಡಿ ಎನ್ನುತ್ತಾಳೆ. ರಜೆಗೆ ಬಂದ ಇಂಜಿನಿಯರಿಗೂ ಇವಳಿಗೂ ಇರುವ ಸಾಮ್ಯವನ್ನು ಗಮನಿಸಬೇಕು. ಇಬ್ಬರಿಗೂ ಇಲ್ಲದಿರುವುದು ಕಾಲವೇ. ದೂರದಿಂದ ಬಂದವರೆಂಬ ಕಾರಣಕ್ಕೆ ಇಬ್ಬರೂ ಹಲ್ಲನ್ನು ಕಳೆದುಕೊಳ್ಳುತ್ತಾರೆ. ಒಬ್ಬನು ಅದರ ಜಾಗದಲ್ಲಿ ಟೈಟೇನಿಯಂ ಇರಿಸಿಕೊಂಡು ಹೋಗುತ್ತಾನೆ, ಇನ್ನೊಬ್ಬಳು ಬರಿಯ ವಸಡಿನಲ್ಲಿ ರೊಟ್ಟಿ ಅಗಿಯುತ್ತಾಳೆ.

ಹೊರದೇಶದ ರೋಗಿಗಳು ಬಂದರೆ ಊರಿಗೆ ಒಳ್ಳೆಯದಾಗುತ್ತದೆಂದು ಹೇಳುವವರುಂಟು. ಅವರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಡಾಲರಿನಿಂದ ಬಂದ ಹಣದಲ್ಲಿ ಕೊಂಡ ಹೊಸ ಎಕ್ಸ್‌ರೇ ಯಂತ್ರ ಊರಿನವರ ಹಲ್ಲನ್ನೂ ನೋಡುತ್ತದೆ. ದೊಡ್ಡ ಕೆಲಸಗಳಲ್ಲಿ ಪಳಗಿದ ಕೈ ಸಣ್ಣ ಕೆಲಸಗಳಲ್ಲಿಯೂ ಚೆನ್ನಾಗಿ ನಡೆಯುತ್ತದೆ. ಆದರೆ ಇದಕ್ಕೊಂದು ಎಲ್ಲೆ ಬೇಕು. ಡಿಸೆಂಬರಿನ ನಾಲ್ಕು ವಾರ ಅತಿಥಿಗಳಿಗಾಗಿ ಕುರ್ಚಿಯನ್ನು ಕಾದಿರಿಸಿ, ವರ್ಷವೆಲ್ಲ ಬರುವ ಊರಿನವರನ್ನು ಜನವರಿಗೆ ಬನ್ನಿ ಎನ್ನುವುದು ಸಲ್ಲದು. ಒಂದೇ ಕೆಲಸಕ್ಕೆ ಎರಡು ದರವೂ ಸಲ್ಲದು. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯಿದೆ, ದರಗಳನ್ನು ರೋಗಿಗಳಿಗೆ ಕಾಣುವಂತೆ ತೂಗುಹಾಕಬೇಕೆಂದು ಹೇಳುವುದರ ಉದ್ದೇಶ ಇದೇ. ವೈದ್ಯನ ಕೀರ್ತಿಯನ್ನು ಕಾಯುವವರು ಬಂದು ಹೋಗುವವರಲ್ಲ. ಹತ್ತು ವರ್ಷದ ಮೇಲೆಯೂ ಅದೇ ಬೀದಿಯಲ್ಲಿ ಎದುರಾಗುವವರು.

ಹಾಗಾದರೆ ತೀರ್ಮಾನವೇನು? ಹಲ್ಲಿಗಾಗಿ ಊರಿಗೆ ಬರಬೇಡಿ ಎನ್ನುವುದು ಸರಿಯಲ್ಲ. ಬಂದರೆ ಎಲ್ಲವೂ ಲಾಭವೇ ಎನ್ನುವುದೂ ಸರಿಯಲ್ಲ. ಎರಡು ಬಗೆಯ ಪ್ರಯಾಣಿಕರನ್ನು ಬೇರೆ ಮಾಡಿ ನೋಡಬೇಕು. ತಂದೆತಾಯಿಗಳನ್ನು ನೋಡಲು ಹೇಗೂ ಬರುವವನು, ಬಂದಾಗ ಹಲ್ಲನ್ನೂ ತೋರಿಸಿಕೊಳ್ಳುವುದು ವಿವೇಕ. ಅವನಿಗೆ ಟಿಕೆಟ್ಟಿನ ಖರ್ಚು ಹಲ್ಲಿನ ಲೆಕ್ಕಕ್ಕೆ ಸೇರುವುದಿಲ್ಲ. ಮುಂದಿನ ವರ್ಷ ಮತ್ತೆ ಬರುತ್ತಾನಾದುದರಿಂದ ವೈದ್ಯರ ಪರಿಚಯವೂ ತಪ್ಪುವುದಿಲ್ಲ. ಹಲ್ಲೊಂದಕ್ಕೇ ಎಂದು ಗುರುತುಪರಿಚಯವಿಲ್ಲದ ಊರಿಗೆ, ಹೋಟೆಲಿನ ಬಾಡಿಗೆಯನ್ನೂ ಚಿಕಿತ್ಸೆಯ ಶುಲ್ಕವನ್ನೂ ಒಟ್ಟುಗೂಡಿಸಿ ಹೇಳಿದ ದರವನ್ನು ನಂಬಿ ಹೋಗುವವನ ಗತಿ ಬೇರೆ. ಅವನು ಅಲ್ಲಿ ಉಳಿಸಿದ್ದನ್ನು ಕೈಯಲ್ಲಿ ಹಿಡಿದು ಎಣಿಸಬಲ್ಲ, ಮುಂದೆ ತೆರಬೇಕಾದುದನ್ನು ಎಣಿಸಲಾರ.

ಊರಿಗೆ ಬರುವವನೂ ಮೂರು ಮಾತು ಕೇಳಿಕೊಳ್ಳಬೇಕು. ಈ ಕೆಲಸ ನನ್ನ ರಜೆಯೊಳಗೆ ತೊಡಗಿ, ಮುಗಿದು, ಒಂದು ವಾರ ಕಾದು ನೋಡುವುದಕ್ಕೆ ಸಮಯ ಉಳಿಯುತ್ತದೆಯೆ? ಹುಳುಕು ತುಂಬಿಸುವುದಕ್ಕೂ ಹಲ್ಲು ಶುಚಿ ಮಾಡಿಸುವುದಕ್ಕೂ ಸಾಮಾನ್ಯವಾಗಿ ಉಳಿಯುತ್ತದೆ. ಬಂದ ದಿನವೇ ತೊಡಗಿದರೆ ಬೇರಿನ ಚಿಕಿತ್ಸೆಗೂ ಕ್ಯಾಪಿಗೂ ಉಳಿಯಬಹುದು. ಇಂಪ್ಲಾಂಟಿಗೆ ಎರಡು ಪ್ರಯಾಣ ಬೇಕೇ ಬೇಕೆಂದು ಮೊದಲೇ ಎಣಿಸಿಕೊಳ್ಳುವುದು ಮೇಲು. ಎರಡನೆಯದು, ನಾನು ಈ ಊರಿನಲ್ಲಿಯೇ ನೆಲಸಿದವನಾಗಿದ್ದರೆ ಈ ವೈದ್ಯರು ನನಗೆ ಇದೇ ಚಿಕಿತ್ಸೆಯನ್ನು ಹೇಳುತ್ತಿದ್ದರೆ? ಈ ಪ್ರಶ್ನೆಯನ್ನು ನೇರವಾಗಿ ಕೇಳಬೇಕು. ಒಳ್ಳೆಯ ವೈದ್ಯರು ಇದಕ್ಕೆ ಕೋಪಿಸಿಕೊಳ್ಳುವುದಿಲ್ಲ. ಮೂರನೆಯದು, ನಾನು ಹಿಂದಿರುಗಿದ ಮೇಲೆ ಇದು ಕೆಟ್ಟರೆ ಅಲ್ಲಿ ನೋಡುವವರು ಯಾರು, ಅವರಿಗೆ ತೋರಿಸಲು ನನ್ನ ಬಳಿ ಎಕ್ಸ್‌ರೇ, ಬರಹ, ಇಂಪ್ಲಾಂಟಿನ ಗುರುತಿನ ಚೀಟಿ ಇವೆಯೆ? 1948ರ ದಂತವೈದ್ಯರ ಕಾಯಿದೆ ಬಂದಂದಿನಿಂದ ನಮ್ಮಲ್ಲಿ ನೋಂದಾಯಿತರಾದವರಷ್ಟೆ ಹಲ್ಲಿಗೆ ಕೈ ಹಚ್ಚಬೇಕೆಂಬ ನಿಯಮವಿದೆ. ಅದರ ಸ್ಥಾನಕ್ಕೆಂದು ರಾಷ್ಟ್ರೀಯ ದಂತ ಆಯೋಗದ ಕಾಯಿದೆ 2023ರಲ್ಲಿ ಅಂಗೀಕೃತವಾಗಿದೆ. ಸರ್ಕಾರ ವೈದ್ಯರ ಹೆಸರನ್ನು ಪುಸ್ತಕದಲ್ಲಿ ಬರೆದಿಡಬಲ್ಲದು. ಹಲ್ಲಿನ ಚರಿತ್ರೆಯನ್ನು ಬರೆಯಿಸಿಕೊಂಡು ಕಾಪಾಡುವ ಹೊಣೆ ರೋಗಿಯದೇ.

ಹಲ್ಲಿನ ಚಿಕಿತ್ಸೆಯನ್ನು ನಾವು ಸಾಮಾನು ಕೊಳ್ಳುವಂತೆ ಕೊಳ್ಳಲು ಹೊರಟಿದ್ದೇವೆ. ಅಗ್ಗವಾದ ಕಡೆ ಕೊಂಡು ಬೇಕಾದ ಕಡೆ ಬಳಸುವ ವ್ಯಾಪಾರ ರೇಷ್ಮೆ ಸೀರೆಗೆ ಸಲ್ಲುತ್ತದೆ. ಹಲ್ಲು ಬದುಕಿರುವ ಅಂಗ. ಅದು ದಿನಕ್ಕೆ ಮೂರು ಸಲ ದುಡಿಯುತ್ತದೆ, ವರ್ಷಕ್ಕೆ ಒಮ್ಮೆಯಾದರೂ ತನ್ನನ್ನು ಬಲ್ಲವರ ಕಣ್ಣಿಗೆ ಬೀಳಲು ಬಯಸುತ್ತದೆ. ಆ ಬಲ್ಲವರು ನ್ಯೂಟೌನಿನಲ್ಲಿರಲಿ, ಷಿಕಾಗೊದಲ್ಲಿರಲಿ, ಅವರನ್ನು ಹತ್ತು ನಿಮಿಷದ ಹಾದಿಯಲ್ಲಿ ಇರಿಸಿಕೊಂಡವನೇ ಭಾಗ್ಯವಂತ. ಇರಿಸಿಕೊಳ್ಳಲಾರದವನು ತಾನು ಉಳಿಸಿದ ಹಣದಲ್ಲಿ ಸ್ವಲ್ಪವನ್ನು ಮುಂದಿನ ವರ್ಷದ ಟಿಕೆಟ್ಟಿಗೆಂದು ತೆಗೆದಿಡಲಿ. ಹೇಗೂ ತಂದೆತಾಯಿಗಳೂ ಕಾಯುತ್ತಿರುತ್ತಾರೆ.